ಫ್ಯಾನಿನ ರೆಕ್ಕೆಯ ಧೂಳು

ಫೆಬ್ರವರಿ ೧೯, ಬುಧವಾರ

ಎರಡು ಸಲ ಮುಖ ತೊಳೆದರೂ ನಾಚಿಕೆ ಹೋಗುತ್ತಿಲ್ಲ.

ಹೋದ ವಾರ ಪ್ರಯೋಗಕ್ಕೆಂದು ಸೇತುವೆ ಕೆಳಗಿನ ರಸ್ತೆಯ ಧೂಳು ತರಲು, ನಾನು ಸಹಾಯಕನಾಗಿರುವ ಪ್ರಯೋಗಾಲಯದ ಮೇಡಂ ಹೇಳಿದ್ದರು. ಬಿಸಿಲಿಗೆ ಹೆದರಿ ನಾನು ಹೋಗಲೇ ಇಲ್ಲ. ಮನೆಯ ಫ್ಯಾನಿನ ರೆಕ್ಕೆ ಕೆರೆದು ಸೀಸೆಗೆ ತುಂಬಿ, ‘ರಸ್ತೆ’ ಎಂದು ಚೀಟಿ ಅಂಟಿಸಿ ಕೊಟ್ಟೆ. ಧೂಳು ಧೂಳೇ ತಾನೆ ಅಂದುಕೊಂಡಿದ್ದೆ.

ಇವತ್ತು ಮೇಡಂ ಸೂಕ್ಷ್ಮದರ್ಶಕದಿಂದ ತಲೆಯೇ ಎತ್ತಲಿಲ್ಲ. ಗಾಜಿನ ಮೇಲೆ ಬಿಟ್ಟಿದ್ದ, ಮೈಯನ್ನು ಕಾಯುವ ರಕ್ತಕೋಶಗಳು ನನ್ನ ಸೀಸೆಯ ಧೂಳನ್ನು ನುಂಗಿ, ಊದಿಕೊಂಡು, ಒಡೆದುಹೋಗಿದ್ದವು.

“ಕಾರ್ಖಾನೆ ಗೇಟಿನ ಧೂಳಿಗೂ ಇವು ಹೀಗೆ ಒದ್ದಾಡಿರಲಿಲ್ಲ,” ಅಂದರು. “ಪಾಪ, ಆ ಸೇತುವೆ ಹತ್ರ ಮಕ್ಕಳು ಯಾರಾದ್ರೂ ಇದಾರಾ?”

“ಗೊತ್ತಿಲ್ಲ ಮೇಡಂ,” ಅಂದೆ. ನಾಲಿಗೆ ಅದು ಹೇಗೆ ಹೊರಳಿತೋ!

ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಹಗಲೆಲ್ಲ ಹಳೆ ಬ್ಯಾಟರಿ ಒಡೆಯುತ್ತಾರೆ; ಅದರ ವಿಷದ ಪುಡಿ ಕಿಟಕಿಯಿಂದ ಒಳಗೆ ಬರುತ್ತದೆ. ಆ ಫ್ಯಾನಿನ ಕೆಳಗೇ ಮಗಳ ಮಂಚ. ತಿಂಗಳಿಂದ ಕೆಮ್ಮುತ್ತಿದ್ದವಳನ್ನು ಶಾಲೆ ತಪ್ಪಿಸುವ ನಾಟಕ ಎಂದು ಗದರಿದ್ದೆ.

ಸಂಜೆ ಬಂದವನೇ ಮಂಚವನ್ನು ನಮ್ಮ ಕೋಣೆಗೆ ಎಳೆದೆ.

“ಇದೇನು ಹೊಸ ಅವತಾರ?” ಅಂದಳು ಹೆಂಡತಿ.

“ಇಲ್ಲಿ ಗಾಳಿ ಚೆನ್ನಾಗಿದೆ,” ಅಂದೆ. ಇನ್ನೊಂದು ಸುಳ್ಳು.

ಮಗಳು ಮಾತ್ರ ಕೇಳಿದಳು: “ಇಲ್ಲಿ ಕೆಮ್ಮಿದ್ರೆ ಬೈಯಲ್ವಾ ಅಪ್ಪ?”

ನಾಳೆ ಮೇಡಂಗೆ ಎಲ್ಲ ಹೇಳಬೇಕು. ಹೇಳುತ್ತೇನೋ ಇಲ್ಲವೋ. ಇದನ್ನು ಬರೆಯುವಾಗಲೂ ಮಗಳು ಬಾಯಿಗೆ ದಿಂಬು ಒತ್ತಿಕೊಂಡು ಕೆಮ್ಮುತ್ತಿದ್ದಾಳೆ, ನನಗೆ ಕೇಳಿಸದ ಹಾಗೆ.