ಅವ್ವನ ಮೂರನೆಯ ಹೊಲಿಗೆ

ಜುಲೈ ೧೫, ಮಂಗಳವಾರ. ಮರಳಿ ಗ್ರಾಮ.

ನಾಡಿದ್ದು ಗುರುವಾರ ಅವ್ವನ ಗರ್ಭಕೋಶ ತೆಗೆಯುತ್ತಾರೆ. ಹೊಟ್ಟೆಗೆ ಸಣ್ಣ ರಂಧ್ರ ಕೊರೆದು ಮಾಡುವ ಆಪರೇಷನ್, ಲ್ಯಾಪರೊಸ್ಕೋಪಿ. ಅವಳ ತೂಕ ಎಂಬತ್ತೆಂಟು ಕೆಜಿ, ಅದೇ ನನಗೆ ವಾರದಿಂದ ಟೆನ್ಷನ್. ನರ್ಸಿಂಗ್ ಸೇರಿದ ಮೇಲೆ ಓದಿದ ಕಾಯಿಲೆಯೆಲ್ಲ ಅವ್ವನಿಗೇ ಬರುತ್ತದೆ ಅನಿಸುತ್ತದೆ.

ಇವತ್ತು ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನು ಕೇಳಿದರೂ ಅಜ್ಜಿಯೇ ಉತ್ತರ ಕೊಟ್ಟಳು.

"ಎಷ್ಟು ಸಿಸೇರಿಯನ್ ಆಗ್ಯಾವ?"

"ಎರಡ್ರಿ," ಅಂದಳು ನನ್ನ ಕಡೆ ಕೈ ತೋರಿಸಿ. "ಇಕಿ ಒಂದು, ಇಕಿ ತಮ್ಮ ನಾಗೇಶ ಒಂದು. ಸೊಸಿಗೆ ಬ್ಯಾರೆ ಏನಿಲ್ರಿ, ಅನ್ನಾ ಭಾಳ ಉಣ್ತಾಳ, ಅಷ್ಟ."

"ಮೂರ್ರಿ," ಅಂದಳು ಅವ್ವ, ಸೆರಗು ನೋಡುತ್ತ. "ಕಡೀದು ಉಳೀಲಿಲ್ಲ."

ಅಜ್ಜಿ ಕಿಟಕಿಯ ಕಡೆ ತಿರುಗಿದಳು.

"ಹೇಳಿದ್ದು ಛಲೋ ಆತು," ಅಂದರು ಡಾಕ್ಟರಮ್ಮ. "ತೂಕದ ಚಿಂತಿ ಬ್ಯಾಡ. ದಪ್ಪ ಇದ್ದವರಿಗೆ ಸಣ್ಣ ಗಾಯಾನ ಛಲೋ, ಲಗೂ ಮಾಯ್ತದ. ಆದ್ರ ಹಳೇ ಹೊಲಿಗಿ ಒಳಗ ಮೂತ್ರಚೀಲಕ್ಕ ಅಂಟಿರ್ತದ. ನಿಧಾನ ಬಿಡಿಸ್ತೀವಿ. ಬಿಡಲಿಲ್ಲಂದ್ರ ಹೊಟ್ಟಿ ತೆರೀಬೇಕಾಗ್ತದ."

ವಾರವಿಡೀ ನಾನು ಬೇರೆ ಯಾವುದಕ್ಕೋ ಹೆದರಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಯಾವಾಗವ್ವ ಅದು?"

"ನೀ ಆರನೇ ಕ್ಲಾಸಿನ್ಯಾಗ ಇದ್ದಿ. ಹಾಸ್ಟೆಲ್‌ಗೆ ಫೋನ್ ಮಾಡೂಣು ಅಂದ ನಿಮ್ಮಪ್ಪ. ನಾನ ಬ್ಯಾಡಂದೆ. ಪರೀಕ್ಷಾ ಇತ್ತಲ್ಲ ನಿನಗ."

ಯಾವ ಪರೀಕ್ಷೆ? ಗಣಿತವೋ ಸಮಾಜವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಹುಡುಗನೋ ಹುಡುಗಿಯೋ ಎಂದು ಕೇಳುವಷ್ಟರಲ್ಲಿ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಭಾರ ಅನಿಸಲಿಲ್ಲ.

ಗುರುವಾರ ಕಾಲೇಜಿನಲ್ಲಿ ಇಂಟರ್ನಲ್ಸ್ ಪರೀಕ್ಷೆ ಇದೆ. ನಾನು ಹೋಗುವುದಿಲ್ಲ, ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ಕೂರುತ್ತೇನೆ. ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಬೈಯುತ್ತಾಳೆ, ಬೈಯಲಿ.