ಒಂಬತ್ತು ಸರಿಯುತ್ತರಕ್ಕೆ ಮೈನಸ್ ನಾಲ್ಕು

ಶನಿವಾರ ಸಂಜೆಯ ಹಾಸ್ಯ ರಸಪ್ರಶ್ನೆಯಲ್ಲಿ ಅಂಕ ಹಾಕುವ ಮಾನ್ಯರೇ,

ತಾವು ನನಗೆ ಮೋಸ ಮಾಡಿದ್ದೀರಿ. ಕ್ಷೇಮ ಸಮಾಚಾರ ಆಮೇಲೆ ವಿಚಾರಿಸುತ್ತೇನೆ, ಮೊದಲು ಇದು ತಲುಪಲಿ. ಕಳೆದ ಶನಿವಾರ ಕೆಂಪು ತಂಡದವರು ಐದು ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಿದರು. ತಾವು ಅವರಿಗೆ ಎರಡು ಅಂಕ ದಯಪಾಲಿಸಿದಿರಿ. ಹಳದಿ ತಂಡದವರು ಒಂದಕ್ಕೂ ಹೇಳಲಿಲ್ಲ, ಅವರಲ್ಲೊಬ್ಬ ಕುರ್ಚಿಯಿಂದ ಜಾರಿ ಬಿದ್ದ, ಅವರಿಗೆ ಹದಿನಾಲ್ಕು. ಕೊನೆಗೆ ಹೊಳೆಯುವ ಕೋಟಿನ ನಿರೂಪಕರು, ಗೆದ್ದದ್ದು ಎರಡೂ ತಂಡವಲ್ಲ, ನೀರಿನ ಲೋಟ ತಂದಿಟ್ಟ ಹೆಂಗಸು ಎಂದು ಘೋಷಿಸಿ ಪಾರಿತೋಷಕವನ್ನು ಆಕೆಯ ಕೈಗಿಟ್ಟರು. ಜನ ಚಪ್ಪಾಳೆ ತಟ್ಟಿದರು. ನಾಲ್ಕು ವರ್ಷ ನಾನೂ ತಟ್ಟಿದ್ದೇನೆ. ಇನ್ನು ತಟ್ಟುವುದಿಲ್ಲ.

ನಾನು ಯಾರೆಂದು ಕೇಳಬಹುದು. ತಕ್ಕಡಿ ರಿಪೇರಿ ಮಾಡುವವನು. ನಮ್ಮ ಬೀದಿಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ನನ್ನನ್ನು ತಕ್ಕಡಿ ಮಾವ ಎನ್ನುತ್ತಾರೆ. ಅಂಗೈಯಲ್ಲಿ ಒಂದು ಹಿಡಿ ಮೊಳೆ ಇಟ್ಟರೆ ಐದು ಗ್ರಾಂ ಹೆಚ್ಚೋ ಕಡಿಮೆಯೋ ಕಣ್ಣು ಮುಚ್ಚಿ ಹೇಳುತ್ತೇನೆ. ನಂಬದಿದ್ದರೆ ಎದುರಂಗಡಿಯ ಕ್ಷೌರಿಕನನ್ನು ಕೇಳಿ, ಹಾಗೆ ಪಂದ್ಯ ಕಟ್ಟಿ ಸೋತು ಅವನು ಮೂರು ಸಲ ನನ್ನ ತಲೆಯನ್ನು ಪುಕ್ಕಟೆ ಬೋಳಿಸಿದ್ದಾನೆ. ನನ್ನ ಕೈಯಲ್ಲಿ ರಿಪೇರಿಯಾದ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ತೂಕ ಅಳತೆ ಇಲಾಖೆಯವರು ಬಂದು ಮುದ್ರೆ ಕಿತ್ತುಕೊಂಡು ಹೋಗುತ್ತಾರೆ. ಕೂದಲೆಳೆಗೆ ನನಗೆ ಅಷ್ಟು ಶಿಕ್ಷೆಯಾದರೆ, ಕುರ್ಚಿಯಿಂದ ಬಿದ್ದವನಿಗೆ ಹದಿನಾಲ್ಕು ತೂಗುವ ತಮ್ಮ ತಕ್ಕಡಿಗೆ ಮುದ್ರೆ ಒತ್ತಿದ ಪುಣ್ಯಾತ್ಮರು ಯಾರು? ತಿಳಿದರೆ ನನ್ನ ಅಂಗಡಿಗೂ ಅವರನ್ನೇ ಕರೆಸುತ್ತೇನೆ.

ನಾಲ್ಕು ವರ್ಷದಿಂದ ಪ್ರತಿ ಶನಿವಾರ ತಾವು ಹಾಕಿದ ಒಂದೊಂದು ಅಂಕವನ್ನೂ ಬರೆದುಕೊಂಡಿದ್ದೇನೆ. ಹನ್ನೊಂದು ನೋಟುಬುಕ್ಕು ತುಂಬಿವೆ. ಸೀನಿದ್ದಕ್ಕೆ ಎಷ್ಟು, ಸರಿಯುತ್ತರ ಹೇಳಿ ನಗದೆ ಕೂತದ್ದಕ್ಕೆ ಎಷ್ಟು, ಎಲ್ಲರಿಗೂ ಗೊತ್ತಿರುವ ಉತ್ತರ ಹೇಳಿ ಸೈರನ್ ಬಾರಿಸಿಕೊಂಡು ಹತ್ತು ಕಳೆದುಕೊಂಡದ್ದು ಎಷ್ಟು ಸಲ, ಎಲ್ಲವೂ ಇವೆ. ಇಷ್ಟು ದೊಡ್ಡ ದೀಪಗಳ ಕೆಳಗೆ, ಇಷ್ಟು ಓದಿದವರು ಕೂತು ನಡೆಸುವ ಕೆಲಸಕ್ಕೆ ಒಂದು ಲೆಕ್ಕ ಇರಲೇಬೇಕು, ಅದು ಕಾಣದಿದ್ದರೆ ಕಣ್ಣು ನನ್ನದೇ ಮಂದ ಎಂದುಕೊಂಡೆ. ಒಮ್ಮೆ ಸತತ ಮೂರು ವಾರ ಗೆಲ್ಲುವವರನ್ನು ನಾನು ಮೊದಲೇ ಹೇಳಿದೆ, ಹೇಳಿದಂತೆಯೇ ಆಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಈಗ ಗೊತ್ತು. ಆವತ್ತು ಮಾತ್ರ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಡಂಗುರ ಹೊಡೆದೆ: ಟೀವಿಯವರ ಅಂಕದ ಗುಟ್ಟು ಗೊತ್ತಿರುವ ಮನುಷ್ಯ ಈ ಭೂಮಿ ಮೇಲೆ ಒಬ್ಬನೇ, ಅವನು ನಿಮ್ಮ ಬೀದಿಯಲ್ಲೇ ಇದ್ದಾನೆ, ನಿಮ್ಮ ಭಾಗ್ಯ.

ನಂಬಿದವಳು ನಮ್ಮಕ್ಕ.

ನನ್ನ ಅಂಗಡಿಯ ಅರ್ಧಭಾಗದಲ್ಲಿ ಅವಳ ಹೊಲಿಗೆ ಯಂತ್ರವಿದೆ. ನನಗಿಂತ ಐದು ವರ್ಷ ದೊಡ್ಡವಳು. ನಾಲ್ಕನೇ ತರಗತಿಗೆ ಅವಳ ಶಾಲೆ ನಿಂತಿತು. ಮನೆಯಲ್ಲಿ ಇಬ್ಬರನ್ನು ಓದಿಸುವ ಶಕ್ತಿ ಇರಲಿಲ್ಲ, ಅವಳು ಹಿಡಿದಿದ್ದ ಚೀಲ ನನ್ನ ಹೆಗಲಿಗೆ ಬಂತು. ನಾನು ನಮ್ಮೂರ ಶಾಲೆಯಲ್ಲಿ ಏಳನೇ ತರಗತಿ ಪಾಸು. ಸಂಜೆ ಒಲೆಯ ಮುಂದೆ ಕೂತು ನನ್ನ ಲೆಕ್ಕಗಳನ್ನೆಲ್ಲ ಬಿಡಿಸಿಕೊಡುತ್ತಿದ್ದವಳು ಅವಳೇ ಎಂಬುದನ್ನು ಈ ಐವತ್ತು ವರ್ಷದಲ್ಲಿ ಯಾರಿಗೂ ಹೇಳಿಲ್ಲ, ಈಗ ತಮಗೆ ಹೇಳುತ್ತಿದ್ದೇನೆ. ಗುಂಡಿ ಸುತ್ತಿ ಬಂದ ಕಾಗದ, ದಾರದ ಡಬ್ಬಿಗೆ ಅಂಟಿಸಿದ ಕಾಗದ, ಗಿರಾಕಿಗಳು ಬಟ್ಟೆ ಕಟ್ಟಿ ತಂದ ಹಳೆಯ ಪತ್ರಿಕೆ, ಒಂದನ್ನೂ ಅವಳು ಓದದೆ ಎಸೆಯುವುದಿಲ್ಲ. ತಮ್ಮ ಕಾರ್ಯಕ್ರಮದಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಅಕ್ಕನ ಉತ್ತರ ಬಂದಿರುತ್ತದೆ. ಆಮೇಲೆ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೇಳುತ್ತಾಳೆ:

"ಸರಿಯಾಗೇ ಹೇಳಿದ್ನಲ್ಲೋ ಆ ಕನ್ನಡಕದವನು. ಯಾಕೆ ಸೊನ್ನೆ?"

"ಅದೆಲ್ಲ ನಿನಗೆ ಗೊತ್ತಾಗಲ್ಲ ಬಿಡಕ್ಕ. ಅದಕ್ಕೊಂದು ಲೆಕ್ಕ ಇದೆ."

"ನಿನಗೆ ಗೊತ್ತಾ?"

"ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

"ಗೊತ್ತಿರ್ಲಿ ಬಿಡಪ್ಪ. ಒಬ್ಬನಾದ್ರೂ ಓದಿದ್ದಕ್ಕೆ ಸಾರ್ಥಕ ಆಯ್ತು."

ಇದನ್ನು ಅವಳು ಕುಹಕದಿಂದ ಹೇಳಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಎರಡು ತಿಂಗಳ ಹಿಂದೆ ನಮ್ಮ ಬೀದಿಯ ವಾಚನಾಲಯದಲ್ಲಿ ರಸಪ್ರಶ್ನೆ ಇಟ್ಟರು. ಆರಿಸಿ ಬಂದ ಇಬ್ಬರು ನಗರದ ದೊಡ್ಡ ಗ್ರಂಥಾಲಯದ ಸ್ಪರ್ಧೆಗೆ ಹೋಗಬೇಕು. ಪ್ರಶ್ನೆ ಕೇಳಲು ಗ್ರಂಥಪಾಲಕಿ ಇದ್ದರು. ಅಂಕ ಹಾಕಲು ನನ್ನನ್ನು ಕರೆದರು. ಕರೆಯದಿದ್ದರೆ ನಾನೇ ಹೋಗುತ್ತಿದ್ದೆ ಅನ್ನಿ. ಸೈರನ್‌ಗೆಂದು ಅಂಗಡಿಯಿಂದ ಹಿತ್ತಾಳೆಯ ತಕ್ಕಡಿ ತಟ್ಟೆ, ಅರ್ಧ ಕೆಜಿಯ ಬಟ್ಟು ಹಿಡಿದುಕೊಂಡು ಹೋದೆ. ಅಕ್ಕ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳೆಂದು ನನಗೆ ಅಲ್ಲಿಯೇ ತಿಳಿದದ್ದು. ಇಸ್ತ್ರಿ ಮಾಡಿದ ಬಟ್ಟೆಯುಟ್ಟು ಬೆಂಚಿನ ತುದಿಯಲ್ಲಿ, ಮೊದಲ ದಿನ ಶಾಲೆಗೆ ಬಂದವಳ ಹಾಗೆ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಒಂಬತ್ತು ಪ್ರಶ್ನೆ ಅವಳ ಪಾಲಿಗೆ ಬಂದವು. ಒಂಬತ್ತಕ್ಕೂ ಸರಿಯುತ್ತರ. ನಾನೇನು ಮಾಡಿದೆ? ಮೂರಕ್ಕೆ ಎರಡೆರಡು ಅಂಕ ಕೊಟ್ಟೆ. ಐದಕ್ಕೆ, ಉತ್ತರಿಸುವಾಗ ಮುಖದಲ್ಲಿ ನಗುವಿರಲಿಲ್ಲವೆಂದು, ತಮ್ಮ ಪದ್ಧತಿಯಂತೆ ಸೊನ್ನೆ. ಉಳಿದದ್ದೊಂದು: ಮೂರು ಹೃದಯವಿರುವ ಪ್ರಾಣಿ ಯಾವುದು? "ಆಕ್ಟೋಪಸ್ಸು" ಎಂದಳು ಅಕ್ಕ. ನಾನು ತಟ್ಟೆಗೆ ಬಟ್ಟಿನಿಂದ ಠಣ್ಣನೆ ಬಡಿದು, "ಎಲ್ಲರಿಗೂ ಗೊತ್ತಿರೋ ಉತ್ತರ! ಮೈನಸ್ ಹತ್ತು!" ಎಂದು ಕೂಗಿದೆ. ಜನ ಬಿದ್ದು ಬಿದ್ದು ನಕ್ಕರು. ಮಾನ್ಯರೇ, ಆ ಕೋಣೆಯಲ್ಲಿ ಅದು ಒಬ್ಬರಿಗೂ ಗೊತ್ತಿರಲಿಲ್ಲ. ನನಗಂತೂ ಆಕ್ಟೋಪಸ್‌ಗೆ ಒಂದು ಹೃದಯವಿದೆ ಎಂಬುದೇ ಹೊಸ ಸುದ್ದಿ.

ಜಗತ್ತಿನ ಅತಿ ಎತ್ತರದ ಶಿಖರ ಯಾವುದೆಂದರೆ "ನಮ್ಮನೇಲಿ ಒಗೆಯೋಕೆ ಬಿದ್ದಿರೋ ಬಟ್ಟೆ ರಾಶಿ" ಎಂದ ಔಷಧಿ ಅಂಗಡಿಯವನಿಗೆ ಏಳು ಕೊಟ್ಟೆ. ಅವನಿಗೆ ಒಟ್ಟು ಇಪ್ಪತ್ತಮೂರು. ಅಕ್ಕನಿಗೆ ಮೈನಸ್ ನಾಲ್ಕು.

ಮನೆಗೆ ನಡೆಯುವಾಗ ಅವಳು ಬೈಯುತ್ತಾಳೆಂದು ಕಾದೆ. ತಟ್ಟೆಯನ್ನು ಕಂಕುಳಲ್ಲಿ ಮುಚ್ಚಿಕೊಂಡಿದ್ದೆ. ಅಂಗಡಿಯ ಬಾಗಿಲ ಬಳಿ ಬಂದಮೇಲೆ ಬಾಯಿಬಿಟ್ಟಳು.

"ಬರೀ ಸರಿಯಾಗಿ ಹೇಳಿದ್ರೆ ಸಾಲ್ದು ಅಂತ ಕಾಣುತ್ತೆ, ಅಲ್ವೇನೋ?"

"ಅಕ್ಕ, ಅದು ಹಾಗಲ್ಲ..."

"ಇಲ್ಲ ಕಣೋ, ನಿನ್ನ ತಪ್ಪಲ್ಲ. ಓದಿದೋರ ಲೆಕ್ಕ ಬೇರೆ ಇರುತ್ತೆ. ನಾನು ಗುಂಡಿ ಕಾಗದ ಓದಿ ಏನೋ ಅಂದ್ಕೊಂಡ್ಬಿಟ್ಟೆ."

ಅಂದಿನಿಂದ ಗುಂಡಿ ಸುತ್ತಿ ಬಂದ ಕಾಗದ ನೇರ ಕಸದ ಬುಟ್ಟಿಗೆ ಹೋಗುತ್ತಿದೆ.

ಗ್ರಂಥಪಾಲಕಿ ನನ್ನಷ್ಟು ಜಾಣೆಯಲ್ಲ, ಹಾಗಾಗಿ ಸರಿಯುತ್ತರಗಳನ್ನು ಬೇರೆಯಾಗಿ ಎಣಿಸಿಕೊಂಡಿದ್ದರು. ಔಷಧಿ ಅಂಗಡಿಯವನನ್ನು ಬಿಟ್ಟು ಅಕ್ಕನ ಹೆಸರನ್ನೇ ಮೊದಲು ಬರೆದು, ಅರ್ಜಿ ಹಿಡಿದು ಅಂಗಡಿಗೆ ಬಂದರು. ಸಹಿ ಹಾಕಿದರೆ ಸಾಕಿತ್ತು. "ಕನಿಕರಕ್ಕೆಲ್ಲ ಬೇಡಿ ಮೇಡಂ, ನನ್ನ ತಮ್ಮನೇ ಮೈನಸ್ ಹಾಕಿದ್ದಾನೆ, ಅವನಿಗೆ ಲೆಕ್ಕ ಗೊತ್ತು" ಎಂದು ಅಕ್ಕ ಅರ್ಜಿಯನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟಳು. ಅದರ ಮೇಲೀಗ ಕತ್ತರಿ ಕೂತಿದೆ. ಕೊನೆಯ ದಿನಾಂಕ ಈ ತಿಂಗಳ ಮೂವತ್ತು.

ಆಗ ನಾನು ತಮ್ಮ ಸ್ಟುಡಿಯೊಗೆ ಬಂದೆ. ನೆನಪಿರಬೇಕು, ಹನ್ನೊಂದು ನೋಟುಬುಕ್ಕಿನ ಚೀಲ ಹೊತ್ತ ಬೋಳುತಲೆಯವನು. ಪ್ರೇಕ್ಷಕರ ಸಾಲು ಬಿಟ್ಟು ತಮ್ಮ ಮೇಜಿನ ಹತ್ತಿರ ಬಂದು, ಅಂಕದ ನಿಯಮ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅಕ್ಕನಿಗೆ ಕಲಿಸಿಬಿಡುತ್ತೇನೆ ಎಂದು ಕೈಮುಗಿದೆ. ತಾವು ನನ್ನ ಒಂದು ನೋಟುಬುಕ್ಕು ತೆಗೆದು ನೋಡಿ, ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದಿರಿ.

"ಇದನ್ನೆಲ್ಲ ನೀವೇ ಬರೆದಿದ್ದಾ ಯಜಮಾನ್ರೇ?"

"ಹೌದು ಸ್ವಾಮಿ."

"ಅಯ್ಯೋ ದೇವರೇ. ನಿಯಮ ಗಿಯಮ ಏನೂ ಇಲ್ಲ. ನೋಡಿ, ಇವತ್ತಿನದು ಮಧ್ಯಾಹ್ನವೇ ಬರೆದಿಟ್ಟಾಗಿದೆ."

ತಾವು ತೋರಿಸಿದ ರಟ್ಟಿನ ಮೇಲೆ ಬರೆದಿತ್ತು: ಕೆಂಪು ಎರಡು, ಹಳದಿ ಹದಿನಾಲ್ಕು, ಗೆಲುವು ಲೋಟದವಳಿಗೆ. ಕುರ್ಚಿಗಳು ಆಗಿನ್ನೂ ಖಾಲಿ ಇದ್ದವು. ಬೀಳುವವನು ಇನ್ನೂ ಬಿದ್ದಿರಲಿಲ್ಲ. ಲೋಟ ತಂದಿಡುವ ಹೆಂಗಸು ಮಾತ್ರ ಹೊಸ ಬಟ್ಟೆ ಹಾಕಿ, ತಲೆ ಬಾಚಿಕೊಂಡು ಸಿದ್ಧವಾಗಿ ನಿಂತಿದ್ದಳು. "ಅಂಕ ಯಾರು ನೋಡ್ತಾರೆ ಹೇಳಿ? ಜನ ನಗೋಕೆ ಬರ್ತಾರೆ" ಎಂದು ನನ್ನ ಭುಜ ತಟ್ಟಿದಿರಿ. ಯಾರು ನೋಡುತ್ತಾರೆ ಎಂದಿರಾ? ಹನ್ನೊಂದು ನೋಟುಬುಕ್ಕು ತಮ್ಮ ಮುಂದೆಯೇ ಇದ್ದವಲ್ಲ, ಸ್ವಾಮಿ!

ಇಲ್ಲದ ಊರಿಗೆ ನಾಲ್ಕು ವರ್ಷ ದಾರಿ ಕೇಳಿದ್ದೆ. ಹೋಗಲಿ, ಅಕ್ಕನಿಗಾದರೂ ಸತ್ಯ ತಿಳಿಯಲಿ ಎಂದು ಅವಳ ಮುಂದೆ ಕೂತು ಎಲ್ಲ ಹೇಳಿದೆ. ಸಾಕ್ಷಿಗೆ, ಅಂದು ಚಿತ್ರೀಕರಿಸಿದ ಕಂತು ಟೀವಿಯಲ್ಲಿ ಪ್ರಸಾರವಾಗುವ ಮೊದಲೇ, ಕೆಂಪು ಎರಡು, ಹಳದಿ ಹದಿನಾಲ್ಕು, ಗೆಲ್ಲುವವಳು ಲೋಟದವಳು ಎಂದು ಬಳಪದಲ್ಲಿ ಗೋಡೆಗೆ ಬರೆದಿಟ್ಟೆ. ಕಳೆದ ಶನಿವಾರ ಅದೇ ಬಂತು. ಅಕ್ಕ ಟೀವಿ ನೋಡಿದಳು, ಗೋಡೆ ನೋಡಿದಳು.

"ನೋಡಿದ್ಯಾ! ನಿನಗೆ ಲೆಕ್ಕ ಗೊತ್ತು ಅಂತ ನಾನು ಹೇಳ್ಲಿಲ್ವಾ?"

"ಲೆಕ್ಕ ಅಲ್ಲ ಅಕ್ಕ, ರಟ್ಟಲ್ಲಿ ಬರೆದಿಟ್ಟಿದ್ರು, ಕಣ್ಣಾರೆ ಕಂಡೆ!"

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ಅಷ್ಟು ದೊಡ್ಡೋರು ಸುಮ್ಸುಮ್ನೆ ಅಂಕ ಹಾಕ್ತಾರೇನೋ?"

ನಾಲ್ಕು ವರ್ಷ ನಾನು ಕೊಚ್ಚಿದ ಬಡಾಯಿಯನ್ನೆಲ್ಲ ನಂಬಿದ ಅಕ್ಕ, ನಾನು ಹೇಳಿದ ಒಂದು ನಿಜವನ್ನು ನಂಬಲಿಲ್ಲ. ಇದರಲ್ಲಿ ತಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ತೂಗಿ ನೋಡಿದ್ದೇನೆ. ತಾವು ಸುಳ್ಳು ಅಂಕವನ್ನು ನಿಜದ ಹಾಗೆ ತೋರಿಸಿದಿರಿ. ಬಟ್ಟು ಮಾತ್ರ ನನ್ನ ಕೈಯಲ್ಲಿತ್ತು. ಬಡಿಯುವ ಮುಂಚೆ ಅಕ್ಕ ನನ್ನ ಕಡೆ ನೋಡಿದ್ದಳು. ಉತ್ತರ ಸರಿಯೆಂದು ಗ್ರಂಥಪಾಲಕಿ ತಲೆಯಾಡಿಸಿದ್ದನ್ನೂ ನಾನು ಕಂಡಿದ್ದೆ. ಜನ ನಗುತ್ತಾರಲ್ಲ ಎಂದು ಬಡಿದೆ. ಆದ್ದರಿಂದ ತಮ್ಮನ್ನು ಬೈಯಲು ಬೇಕಾದಷ್ಟು ಮಾತು ಇದ್ದರೂ ಇಲ್ಲಿಗೇ ನಿಲ್ಲಿಸುತ್ತೇನೆ.

ನನ್ನ ಬೇಡಿಕೆ ಒಂದೇ. ಪಾರಿತೋಷಕ ಬೇಡ, ಕ್ಷಮೆ ಬೇಡ, ಕಾರ್ಯಕ್ರಮ ನಿಲ್ಲಿಸುವುದೂ ಬೇಡ. ತಮ್ಮ ಕಚೇರಿಯ ಕಾಗದದ ಮೇಲೆ, ಮುದ್ರೆ ಒತ್ತಿ, ಒಂದು ಸಾಲು ಬರೆದು ಕಳಿಸಿ: "ನಮ್ಮ ಅಂಕಗಳಿಗೆ ಯಾವ ಲೆಕ್ಕವೂ ಇಲ್ಲ, ಸರಿಯುತ್ತರ ಸರಿಯುತ್ತರವೇ." ಮೂವತ್ತನೇ ತಾರೀಖಿನೊಳಗೆ ಬರಲಿ. ನನ್ನ ಹೆಸರಿಗೆ ಬೇಡ, ತಕ್ಕಡಿ ಅಂಗಡಿಯ ಹೊಲಿಗೆಯಮ್ಮನಿಗೆ ಎಂದು ಬರೆಯಿರಿ. ಕೈಗೆ ಬಂದ ಕಾಗದವನ್ನು ಅವಳು ಮೊದಲಿನ ಹಾಗೆ ಓದುತ್ತಾಳೋ ಇಲ್ಲವೋ ನನಗೆ ತಿಳಿಯದು. ಹಾಗಾಗಿ, ದಯವಿಟ್ಟು, ಅದನ್ನು ನಾಲ್ಕು ಗುಂಡಿಗೆ ಸುತ್ತಿ ಕಳಿಸಿ. ಅಭ್ಯಾಸ ಬಲದಿಂದಲಾದರೂ ಬಿಡಿಸಿ ನೋಡಿಯಾಳು.

ಇಂತಿ,
ಅಕ್ಕ ಬಿಡಿಸಿದ ಲೆಕ್ಕದಲ್ಲಿ ಏಳನೇ ತರಗತಿ ಪಾಸಾಗಿ,
ಅವಳ ಒಂಬತ್ತು ಸರಿಯುತ್ತರಕ್ಕೆ ಮೈನಸ್ ನಾಲ್ಕು ತೂಗಿದ
ತಕ್ಕಡಿ ರಿಪೇರಿಯವನು