ಅಪ್ಪನ ಪಿಟೀಲಿಗೆ ನೀನು ಹಚ್ಚಿದ ಅಂಟು

ಹ್ಯಾಲಿಫ್ಯಾಕ್ಸಿನ ದೊಡ್ಡ ಬಡಗಿ, ನನ್ನ ಒಬ್ಬನೇ ತಮ್ಮ ಲಾಕ್ಲನ್‌ಗೆ,

ನಿನ್ನ ಕಾಗದ ಬಂತು. "ಅಕ್ಕಾ, ಮಗಳು ಮೊರಾಗ್ ಪಿಟೀಲು ಕಲೀತಿದ್ದಾಳೆ. ಅಪ್ಪನ ಪಿಟೀಲನ್ನ ಹಾಳು ಮಾಡಿದೋನು ನಾನೇ, ಗೊತ್ತು. ಒಡೆದಿದ್ರೂ ಪರವಾಗಿಲ್ಲ, ಕಳಿಸ್ಕೊಡು, ಗೋಡೆಗೆ ತೂಗುಹಾಕ್ತೀನಿ" ಎಂದು ಬರೆದಿದ್ದೀಯ. ಹನ್ನೊಂದು ವರ್ಷದಿಂದ ಪ್ರತಿ ಕ್ರಿಸ್‌ಮಸ್‌ಗೂ ಇದೇ ಗೋಳು. ಓದಿ ಓದಿ ಸಾಕಾಗಿದೆ ಮಾರಾಯ. ಈ ಸಲ ಉತ್ತರ ಕೊಡುತ್ತೇನೆ. ನೀನೊಬ್ಬನೇ ಕೂತು ಓದು, ಮಗಳಿಗೆ ತೋರಿಸಬೇಡ.

ಮೊದಲು ಅಂಟಿನ ವಿಷಯ. ನೀನು ಅಡುಗೆಮನೆಗಳಿಗೆ ಕಪಾಟು ಮಾಡುವವನು. ಕಪಾಟಿನ ಜೋಡಣೆ ಒಮ್ಮೆ ಕೂಡಿದರೆ ಮನೆ ಬಿದ್ದರೂ ಬಿಡಬಾರದು. ಅದಕ್ಕೆ ಡಬ್ಬಿಯ ಹಳದಿ ಅಂಟೇ ಸರಿ. ಪಿಟೀಲು ಕಪಾಟಲ್ಲ. ಚಳಿಗಾಲದಲ್ಲಿ ಕಟ್ಟಿಗೆ ಒಲೆ ಉರಿಯುವ ಮನೆಯಲ್ಲಿ ಗಾಳಿ ಒಣಗುತ್ತದೆ, ಪಿಟೀಲಿನ ಮೇಲ್ಹಲಗೆ ಕುಗ್ಗುತ್ತದೆ. ಆಗ ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕು. ಹಲಗೆ ಸೀಳುವುದಕ್ಕಿಂತ ಅಂಚು ಬಿಡಲಿ ಎಂದೇ ನಾವು ಪಿಟೀಲು ರಿಪೇರಿಯವರು ತೊಗಲಿನ ಅಂಟನ್ನು ಬೇಕೆಂದೇ ತೆಳ್ಳಗೆ ಕಾಯಿಸಿ ಹಚ್ಚುತ್ತೇವೆ. ಅಂಚು ಬಿಟ್ಟರೆ ಮತ್ತೆ ಬಿಸಿ ಅಂಟು ಸವರಿ ಕ್ಲಾಂಪು ಬಿಗಿದರಾಯಿತು. ಅಪ್ಪನ ಪಿಟೀಲು ಪ್ರತಿ ಚಳಿಗಾಲದಲ್ಲೂ ಬಾಯಿಬಿಡುತ್ತಿತ್ತು, ಪ್ರತಿ ಚಳಿಗಾಲದಲ್ಲೂ ನಾನು ಹೋಗಿ ಮುಚ್ಚುತ್ತಿದ್ದೆ. ಹದಿನಾಲ್ಕು ವರ್ಷ. ಅಪ್ಪ ಅದನ್ನು ಕೆಲಸ ಎಂದು ಎಣಿಸಲೇ ಇಲ್ಲ. "ನಮ್ಮ ಮರ್ಡೀನಾ ಅಂಟಿಸೋದೂ ಒಂದೇ, ಗಂಜಿ ಬಳಿಯೋದೂ ಒಂದೇ" ಎಂದು ಬಂದವರೆದುರು ನಗುತ್ತಿದ್ದ.

ಆ ಕ್ರಿಸ್‌ಮಸ್‌ಗೆ ನೀನು ಬಂದೆ. ಅಂಚು ಬಿಟ್ಟಿದ್ದನ್ನು ಕಂಡೆ. ಹತ್ತು ನಿಮಿಷದ ದಾರಿಯಲ್ಲಿದ್ದ ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ ನಿನಗೆ. ಎರಡು ದಿನದ ಮೇಲೆ ನಾನು ಬಂದಾಗ ಅಪ್ಪ ಪಿಟೀಲನ್ನು ನನ್ನ ಮೂಗಿನ ಮುಂದೆ ಹಿಡಿದ. "ನೋಡೇ, ಗಂಡಸಿನ ಕೈ ಬಿದ್ರೆ ಹೀಗಿರತ್ತೆ. ಇನ್ಮೇಲೆ ನಿನ್ನ ಗಂಜಿ ತರ್ಬೇಡ." ನೀನು ಓಟ್ಸ್ ರೊಟ್ಟಿ ಮೆಲ್ಲುತ್ತಾ, "ಬೇಜಾರು ಮಾಡ್ಕೋಬೇಡ ಅಕ್ಕಾ, ಈಗಿನ ಅಂಟೇ ಬೇರೆ" ಅಂದೆ. ಅಂಚಿನ ಉದ್ದಕ್ಕೂ ಹಳದಿ ಗೆರೆ ಕಾಣುತ್ತಿತ್ತು. ಥಂಡಿ ಜೋರಾದ ದಿನ ಈ ಹಲಗೆ ಸೀಳುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ಎರಡೇ ದಿನದ ಅಂಟು. ತೆಳು ಚಾಕು ಬಿಸಿ ಮಾಡಿಕೊಂಡು ಒಂದು ಮಧ್ಯಾಹ್ನ ಕೂತಿದ್ದರೆ ಬಿಡಿಸಬಹುದಿತ್ತು. ನಾನು "ಚೆನ್ನಾಗಿದೆ" ಎಂದೆ. ಚಹಾ ಕುಡಿದು ಮನೆಗೆ ಹೋದೆ. ಖುಷಿಯಾಗಿಯೇ ಹೋದೆ ಕಣೋ.

ಏಳು ವಾರ ಕಾದೆ. ಅಪ್ಪನ ಎಂಬತ್ತನೇ ಹುಟ್ಟುಹಬ್ಬಕ್ಕೆ ನೀನು ಮತ್ತೆ ಬಂದಿದ್ದೆ. ಚರ್ಚು ಮುಗಿಸಿಕೊಂಡು ಅರ್ಧ ಊರು ನಮ್ಮ ಅಡುಗೆಮನೆಯಲ್ಲಿತ್ತು. ಅಪ್ಪ ಮೂರನೇ ಕುಣಿತದ ಮಟ್ಟು ನುಡಿಸುತ್ತಿದ್ದಾಗ ಹಲಗೆ ಫಟ್ಟೆಂದಿತು. ಮೇಲಿನಿಂದ ಕೆಳಗಿನವರೆಗೆ ಸೀಳು. ಅಪ್ಪ ನಿನಗೆ ಹೇಳಿದ್ದು ನಿನಗೆ ಬಾಯಿಪಾಠವಾಗಿರುತ್ತದೆ. "ಕೊಂದ್ಯಲ್ಲೋ! ಎದ್ದು ನಡಿ. ನನ್ನ ಹೆಣ ನೋಡೋಕೂ ಬರ್ಬೇಡ." ನೀನು ಕೋಟು ಕೂಡ ಹಾಕಿಕೊಳ್ಳದೆ ಹಿಮದಲ್ಲಿ ನಡೆದು ಹೋದೆ. ಪಕ್ಕದ ಮನೆಯ ಎಫಿ ನನ್ನ ತೋಳು ಹಿಡಿದು, "ನಿಂಗೆ ಗೊತ್ತಿರ್ಲಿಲ್ವೇನೇ? ಒಂದು ಮಾತು ಹೇಳ್ಬಾರ್ದಿತ್ತಾ?" ಅಂದಳು. "ನನ್ನನ್ನ ಯಾರು ಕೇಳಿದ್ರು?" ಅಂದೆ.

ನೀನು ಇಷ್ಟಕ್ಕೇ ಅಳಬೇಡ, ಇನ್ನೂ ಇದೆ. ಆ ಪಿಟೀಲು ಈಗ ಒಡೆದಿಲ್ಲ. ನಾನು ಮೂರು ವಾರದಲ್ಲಿ ಅದನ್ನು ಸರಿಮಾಡಿದೆ. ನಿನ್ನ ಅಂಟನ್ನು ಕೂದಲೆಳೆ ಕೂದಲೆಳೆಯಾಗಿ ಕೆರೆದು ತೆಗೆದೆ, ಸೀಳು ಕೂಡಿಸಿದೆ, ಒಳಗಿನಿಂದ ತೆಳು ಮರದ ಬಿಲ್ಲೆ ಹಚ್ಚಿದೆ, ತಂತಿ ಕಟ್ಟಿ ಶ್ರುತಿ ಮಾಡಿದೆ. ಮೊದಲಿನಷ್ಟೇ ಚೆನ್ನಾಗಿ ನುಡಿಯಿತು. ಅಪ್ಪ ಆಮೇಲೆ ಹಾಸಿಗೆ ಹಿಡಿದು ಹತ್ತು ವಾರ ಬದುಕಿದ್ದ. ಪ್ರತಿ ಭಾನುವಾರ ಹಾಸಿಗೆಯಿಂದಲೇ "ಆಯ್ತೇನೇ?" ಎಂದು ಕೇಳುತ್ತಿದ್ದ. "ಆಗಲ್ಲಪ್ಪ, ನಿನ್ನ ಮಗನ ಅಂಟು ಅಷ್ಟು ಗಟ್ಟಿ" ಎನ್ನುತ್ತಿದ್ದೆ. ನಿನ್ನ ಕೈಕೆಲಸವೇ ಸರಿಯಾಗಿತ್ತು ಮಗಳೇ ಎಂದು ಒಂದೇ ಒಂದು ಸಲ ಅಂದಿದ್ದರೆ ಓಡಿಹೋಗಿ ತಂದುಕೊಡುತ್ತಿದ್ದೆ. ಅನ್ನಲಿಲ್ಲ ಮುದುಕ. ನಾನೂ ತರಲಿಲ್ಲ.

ಕೊನೆಯ ಭಾನುವಾರ ಅವನು ಪಿಟೀಲನ್ನು ಕೇಳಲೇ ಇಲ್ಲ. "ಲಾಕ್ಲನ್‌ಗೆ ಫೋನ್ ಮಾಡೇ. ಒಂದು ಮರದ ತುಂಡಿಗೋಸ್ಕರ ಮಗನ್ನ ಓಡಿಸಿಬಿಟ್ಟೆ, ತಪ್ಪಾಯ್ತು ಅನ್ನು. ಬಾ ಅನ್ನು" ಎಂದ. ಸಾಯುವಾಗಲೂ ನೀನೇ ಬೇಕಾಯಿತು ಅವನಿಗೆ. ನಾನು ನಡುಮನೆಗೆ ಹೋಗಿ ಫೋನಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಅದನ್ನು ಮುಟ್ಟಲಿಲ್ಲ. ಒಳಗೆ ಬಂದು, "ಬರಲ್ವಂತಪ್ಪ" ಎಂದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ. ಗುರುವಾರ ಹೋದ.

ಮಣ್ಣು ಮಾಡುವ ದಿನ ನಿನ್ನ ಕಾರು ಚರ್ಚಿನ ರಸ್ತೆಯಾಚೆ ನಿಂತಿದ್ದನ್ನು ನೋಡಿದೆ. ಅಪ್ಪನ ಮಾತಿಗೆ ಕಟ್ಟುಬಿದ್ದು ನೀನು ಇಳಿಯಲಿಲ್ಲ. ನಾನೂ ಬಂದು ಕರೆಯಲಿಲ್ಲ.

ಪಿಟೀಲನ್ನು ಸೋಮವಾರದ ಪಾರ್ಸೆಲ್ ವ್ಯಾನಿನಲ್ಲಿ ಕಳಿಸುತ್ತಿದ್ದೇನೆ. ಮೊರಾಗ್ ನುಡಿಸಲಿ, ಅವಳಿಗೆ ಒಳ್ಳೆಯದಾಗಲಿ. ನಿನ್ನ ಹತ್ತಿರ ನಾನು ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.

ಇನ್ನು ಬರೆಯಬೇಡ.

ನಿನ್ನ ಅಕ್ಕ,
ಮರ್ಡೀನಾ